ನಾಕಾ ಎಂದರೆ

"ಅವಳೇ ಕರೆದದ್ದು ಸಾಹೇಬ. 'ನಾಕಾ, ನಾಕಾ' ಅಂದಳು. ಅದಕ್ಕೇ ನಾಕಾದ ಹಿಂದೆ ಹೋದೆ," ಎಂದ ಸಿಪಾಯಿ, ಎದೆ ಸೆಟೆಸಿ.

ಧಾರವಾಡದ ದುಭಾಷಿ ಇದನ್ನು ಕನ್ನಡದಲ್ಲಿ ತಿಳಿಸಿದಾಗ, ಮೇಜರ್ ಸಾಹೇಬರ ಡೇರೆಯ ಮುಂದೆ ನಿಂತಿದ್ದ ಬೆಳ್ಳಿಗೆ ತಲೆಬುಡ ತಿಳಿಯಲಿಲ್ಲ. ಜಪಾನಿನವರು ಸಮುದ್ರದಿಂದಲೇ ಬಂದಾರೆಂದು ಊರೆಲ್ಲ ಹೆದರಿದ್ದ ವರ್ಷ ಹಳದೀಪುರದ ಬಯಲಿನಲ್ಲಿ ಫೌಜು ಡೇರೆ ಹೂಡಿತ್ತು. ಅಂದಿನಿಂದ ಅವಳು ಹೊನ್ನಾವರದಿಂದ ಮೀನಿನ ಬುಟ್ಟಿ ಹೊತ್ತು ಇಲ್ಲಿಗೆ ಬರುತ್ತಿದ್ದಳು. ನಿನ್ನೆ ಕುಮಟೆ ರಸ್ತೆಯ ತಪಾಸಣೆಯ ಅಡ್ಡಗೋಲಿನ ಹತ್ತಿರ ಈ ಸಿಪಾಯಿ ಅವಳನ್ನು ಗೇರು ಮರಗಳ ಹಿಂದಕ್ಕೆ ಎಳೆದ. ಬಳೆ ಒಡೆದು ಮುಂಗೈ ಸೀಳಿತು, ಬಂಗಡೆಯೆಲ್ಲ ಮಣ್ಣುಪಾಲಾಯಿತು. ಅವಳ ಕೂಗು ಕೇಳಿ ಕಾವಲುಗಾರ ಓಡಿ ಬರುವಷ್ಟರಲ್ಲಿ ಅವನ ಕೈ ಹೋಗಬಾರದ ಕಡೆಗೆಲ್ಲ ಹೋಗಿತ್ತು.

"ನಾಕಾ ಅಂದಿಯೇನ ತಂಗೀ?" ಎಂದು ಕೇಳಿದ ದುಭಾಷಿ.

"ಹೌದು ಒಡೆಯಾ. ಗಂಟ್ಲು ಹರಿಯುವಂಗೆ ಅಂದೆ."

ದುಭಾಷಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಕಾವಲುಗಾರ ಕೂಡ ಅದೇ ಶಬ್ದ ಕೇಳಿದೆನೆಂದು ಹೇಳಿ ಆಗಿತ್ತು. ಊರವರು ಅಡ್ಡಗೋಲು ಎನ್ನುವುದನ್ನು ಫೌಜಿನವರು ನಾಕಾ ಎನ್ನುತ್ತಾರೆಂದು ಪಾಪ ಬೆಳ್ಳಿಗೇನು ಗೊತ್ತು? ಅವಳ ಲೆಕ್ಕಾಚಾರ ಬೇರೆ. ಮೈಮೇಲೆ ಬಿದ್ದವನು ಬಡಗಣ ದೇಶದವನು, ಅವನಿಗೆ ಕನ್ನಡ ಬಾರದು. ಅವಳಿಗೆ ಬರುತ್ತಿದ್ದ ಇನ್ನೊಂದು ಭಾಷೆಯೆಂದರೆ ಮೀನು ಮಾರುತ್ತ ಕೊಂಕಣಿಗರ ಮನೆಗಳಲ್ಲಿ ಕಲಿತದ್ದು. ಪರಭಾಷೆಯವನಿಗೆ ಪರಭಾಷೆಯೇ ನಾಟೀತೆಂದು ಆ ಭಯದಲ್ಲಿ ಹೊಳೆದು, ಕೊಂಕಣಿಯಲ್ಲಿ ಕೂಗಿದ್ದಳು.

"ಅದು ಕೊಂಕಣಿ ಒಡೆಯಾ. ನಾಕಾ ಅಂದ್ರೆ ಬ್ಯಾಡ," ಎಂದು ಮುಂದೆ ಬಂದಳು ಅತ್ತೆ ಮಾದಿ. ಮನೆಯಲ್ಲಿ ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ ಸಂಬಂಧ. ಮೀನು ಹೆಚ್ಚುವುದರಿಂದ ಹಿಡಿದು ಕಸ ಗುಡಿಸುವವರೆಗೆ ಜಗಳವಾಡದ ವಿಷಯವಿರಲಿಲ್ಲ. ಆದರೆ ನಿನ್ನೆ ಸಂಜೆಯಿಂದ ಆ ಮುದುಕಿ ಸೊಸೆಯ ಕೈ ಬಿಟ್ಟಿರಲಿಲ್ಲ.

ಮೇಜರ್ ತಲೆಯಾಡಿಸಿದರು. ಮನೆಯವಳ ಮಾತು, ಈಗ ಹೊಳೆದ ಅರ್ಥ, ನಂಬುವುದು ಹೇಗೆ? ವಿಚಾರಣೆ ಮುಗಿಯಿತೆಂಬಂತೆ ಅವರು ಟೋಪಿ ಎತ್ತಿಕೊಂಡರು. ಇನ್ನು ಆತು, ಎಂದುಕೊಂಡಳು ಬೆಳ್ಳಿ. ಸುಳ್ಳು ದೂರು ತಂದ ಹೆಂಗಸೆಂಬ ಹೆಸರು ಹೊತ್ತು ಹೊನ್ನಾವರಕ್ಕೆ ಮರಳಬೇಕು. ದೋಣಿಗೆ ಹೋದ ಗಂಡನಿಗೆ ಏನು ಹೇಳಲಿ?

ಆಗ ಪಕ್ಕದಲ್ಲಿ ನಿಂತಿದ್ದ ಸಿಪಾಯಿಗಳ ಸಾಲಿನಿಂದ ಸಾವಂತನೆಂಬ ಹವಾಲ್ದಾರ ಹೊರಗೆ ಬಂದ. ಫೌಜಿನಲ್ಲಿ ಕರೆಯದೆ ಹಾಗೆ ಬರುವುದೇ ತಪ್ಪು. ಮೇಲಾಗಿ ಈ ಸಾವಂತನೂ ಆ ಸಿಪಾಯಿಯೂ ಒಂದೇ ಡೇರೆಯವರು, ಒಂದೇ ತಟ್ಟೆಯಲ್ಲಿ ಉಂಡವರು.

"ಹುಜೂರ್, ನಾನು ಕೊಂಕಣದ ಸಾವಂತವಾಡಿಯವನು. ನಮ್ಮ ಕಡೆಯೂ ನಾಕಾ ಅಂದರೆ ಬೇಡ ಅಂತಲೇ. ನಾನು ಫೌಜಿಗೆ ಹೊರಟ ದಿನ ನನ್ನ ತಾಯಿ ತೋಳು ಹಿಡಿದು ಇದೇ ಮಾತು ಹೇಳಿದ್ದು. ಇದು ಕರೆಯುವ ಮಾತಲ್ಲ."

"ನನಗೆ ಆ ಭಾಷೆ ಗೊತ್ತಿರಲಿಲ್ಲ ಸಾಹೇಬ," ಎಂದ ಸಿಪಾಯಿ. ಸೆಟೆದ ಎದೆ ಇಳಿದಿತ್ತು.

ಮೇಜರ್ ಬೆಳ್ಳಿಯ ಮುಂಗೈಯ ಗಾಯವನ್ನು ನೋಡಿದರು. "ಬಳೆ ಒಡೆಯುವ ಸದ್ದಿಗೂ ದುಭಾಷಿ ಬೇಕಿತ್ತೇ?" ಎಂದು ಕೇಳಿ, ಅಲ್ಲೇ ಅವನ ಟೋಪಿ, ಬೆಲ್ಟು ಕಳಚಿಸಿ, ಕಾವಲಿನಲ್ಲಿ ಕಳುಹಿಸಿದರು.

ಮಾದಿ ಹವಾಲ್ದಾರನ ಮುಂದೆ ಕೈಮುಗಿದಳು. "ನಿನ್ನ ಹೆತ್ತ ಹೊಟ್ಟೆ ತಣ್ಣಗಿರ್ಲಿ ಮಗಾ." ಅದನ್ನು ತಿಳಿಸಬೇಕಾದ ದುಭಾಷಿ ಕಣ್ಣೊರೆಸಿಕೊಳ್ಳುತ್ತ ತನ್ನ ಕೆಲಸವನ್ನೇ ಮರೆತ. ಸಾವಂತನಿಗೆ ಹೇಗೋ ಅರ್ಥವಾಯಿತು, ತಲೆ ಬಾಗಿಸಿದ.

ದಾರಿಯಲ್ಲಿ ಬೆಳ್ಳಿ ಸೆರಗು ಮುಖಕ್ಕೆಳೆದುಕೊಂಡಳು. "ಜನ ಎಂತ ಹೇಳ್ತ್ರೋ ಅತ್ತೆ?"

"ಹೇಳ್ಲಿ. ತಪ್ಪು ಮಾಡ್ದವನ ಟೋಪಿ ಹೋಯ್ತು. ನೀ ಎಂತಕೆ ತಲೆ ತಗ್ಗಿಸ್ತೆ?" ಎಂದು ಮಾದಿ ಸೊಸೆಯ ಸೆರಗನ್ನು ತಾನೇ ಹಿಂದಕ್ಕೆ ಸರಿಸಿದಳು. "ನಾಳೆ ಬೇರೆ ಬಳೆ ತೊಡ್ಸ್ತೆ." ಇಷ್ಟು ವರ್ಷ ಈ ಮುದುಕಿಯನ್ನು ಬೈದುಕೊಂಡದ್ದೆಲ್ಲ ನೆನಪಾಗಿ ಬೆಳ್ಳಿಗೆ ಅಳು ಬಂತು. ನಿನ್ನೆಯಿಂದ ಬಾರದಿದ್ದ ಅಳು ಅದು, ಅತ್ತ ಮೇಲೆ ಮೈ ಹಗುರವಾಯಿತು.

ಕೈಯ ಗಾಯ ಒಣಗಿದ ಮೇಲೆ ಅತ್ತೆ ಸೊಸೆ ಜೊತೆಯಾಗಿಯೇ ಮತ್ತೆ ಹಳದೀಪುರಕ್ಕೆ ಹೋದರು. ಬಯಲಿನಲ್ಲಿ ಬೆಳಗಿನ ಕವಾಯತು ನಡೆದಿತ್ತು. ಸಾವಂತ ಎದುರು ನಿಂತು ಏನೋ ಕೇಳುತ್ತಿದ್ದ, ಸಾಲುಸಾಲು ಸಿಪಾಯಿಗಳು ಒಂದೇ ದನಿಯಲ್ಲಿ ಉತ್ತರಿಸುತ್ತಿದ್ದರು.

"ನಾಕಾ ಎಂದರೆ?"

"ಬೇಡ!"

ಮೇಜರ್ ಸಾಹೇಬರ ಹುಕುಂ ಅಂತೆ, ದಿನಾ ಹೇಳಿಸುತ್ತಾರಂತೆ. ಬೆಳ್ಳಿಯ ಒಂದು ಮಾತು ಇಡೀ ಫೌಜಿನ ಬಾಯಲ್ಲಿತ್ತು. ದೇವರು ಇವರನ್ನೆಲ್ಲ ಅವರವರ ಮನೆಗೆ ಸುಖವಾಗಿ ಮುಟ್ಟಿಸಲಿ ಎಂದು ಅವಳು ಮನಸ್ಸಿನಲ್ಲೇ ಹರಸಿದಳು.

ವ್ಯಾಪಾರ ಮುಗಿಸಿ ಹೊರಟಾಗ, ಅಡ್ಡಗೋಲಿನ ಹತ್ತಿರ ಕೆಳಗಿಟ್ಟಿದ್ದ ಬುಟ್ಟಿಯನ್ನು ತಲೆಗೇರಿಸಬೇಕಿತ್ತು. ಕಾವಲಿಗಿದ್ದ ಸಿಪಾಯಿ ಒಳ್ಳೆಯ ಮನಸ್ಸಿನಿಂದಲೇ ಎತ್ತಿಕೊಡಲು ಬಂದು ಕೈ ಚಾಚಿದ. ಬೆಳ್ಳಿ ಒಂದು ಹೆಜ್ಜೆ ಹಿಂದಿಟ್ಟಳು.

"ನಾಕಾ," ಎಂದಳು.

ಅವನು ಆ ಕ್ಷಣವೇ ಕೈ ಹಿಂತೆಗೆದು ದೂರ ಸರಿದು ನಿಂತ. ಮಾದಿ ಬಂದು ಬುಟ್ಟಿ ಎತ್ತಿಕೊಟ್ಟಳು.

ಈ ಸಲ ಬೆಳ್ಳಿ ಕೂಗಿರಲಿಲ್ಲ, ಮೆಲ್ಲಗೆ ಹೇಳಿದ್ದಳು.