ಹನ್ನೊಂದು ಗಂಟೆ ನಲವತ್ತು ನಿಮಿಷ

ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ಭೂಗೋಳದ ಮೇಷ್ಟ್ರು ಫೋನ್ ಆಫ್ ಮಾಡಿ ಆಕಾಶಕ್ಕೇರಿದರು. ಅಂದರೆ, ವಿಮಾನ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ, ಮೂರನೆಯ ಮಹಡಿಯ ಮಂಚದ ಮೇಲೆ ಕಾಲು ಚಾಚಿದರು.

ಹೆಂಡತಿಯ ಪ್ರಕಾರ ಅವರು ದೂರದೇಶದ ಶಿಕ್ಷಕರ ಸಮ್ಮೇಳನಕ್ಕೆ ಹೊರಟಿದ್ದರು. ಅವಳೂ ಅವಳ ಅಮ್ಮನೂ ನಿಲ್ದಾಣದ ಬಾಗಿಲವರೆಗೆ ಬಂದು ಕೈಬೀಸಿ ಹೋಗಿದ್ದರು. ಆ ಅಮ್ಮನೇ ಈ ಪ್ರವಾಸಕ್ಕೆಲ್ಲ ಮೂಲ. ವಾರದ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು. ಅತ್ತೆ ಕೆಟ್ಟವರೇನಲ್ಲ. ಆದರೆ ಮಾತಿಗೆ ಕೂತರೆ ಅಲ್ಪವಿರಾಮಕ್ಕೂ ಗತಿಯಿಲ್ಲ, ಯಾವ ಮಾತು ಎತ್ತಿದರೂ ಅದು ಅಳಿಯನ ಹೊಟ್ಟೆಯ ಸುತ್ತಳತೆಗೇ ಬಂದು ನಿಲ್ಲುತ್ತಿತ್ತು.

ಹೋದ ವರ್ಷವೂ ಮೇಷ್ಟ್ರು ಇಲ್ಲದ ತರಬೇತಿ ಶಿಬಿರವೊಂದನ್ನು ಹುಟ್ಟಿಸಿ ಸಿಕ್ಕಿಬಿದ್ದಿದ್ದರು. ಆಗ ಹೆಂಡತಿ ಕೂಗಾಡಿರಲಿಲ್ಲ. ಇನ್ನೊಂದು ಸುಳ್ಳು ಸಿಕ್ಕಿದರೆ ಅಮ್ಮ ಖಾಯಂ ಆಗಿ ಇಲ್ಲೇ ಇರುತ್ತಾರೆ ಎಂದಷ್ಟೇ ಹೇಳಿದ್ದಳು.

ಹಾಗಾಗಿ ಈ ಸಲ ಸುಳ್ಳನ್ನು ಶಾಸ್ತ್ರೋಕ್ತವಾಗಿ ಕಟ್ಟಿದ್ದರು. ಶಾಲೆಯ ಗೋಳದ ಮೇಲೆ ದಾರ ಹಿಡಿದು ಎರಡು ನಿಲ್ದಾಣಗಳ ನಡುವಿನ ದೂರ ಅಳೆದರು: ಒಂಬತ್ತು ಸಾವಿರದ ನೂರು ಕಿಲೋಮೀಟರ್. ವೇಳಾಪಟ್ಟಿ ನೋಡಿದರು: ಹನ್ನೊಂದು ಗಂಟೆ ನಲವತ್ತು ನಿಮಿಷ. ಏಳಕ್ಕೆ ನಿಜವಾಗಿ ಹೊರಡುವ ವಿಮಾನದ ನಂಬರನ್ನೇ ಹೆಂಡತಿಗೆ ಬರೆದುಕೊಟ್ಟರು. ಅಷ್ಟು ಹೊತ್ತೂ ಫೋನ್ ಮುಟ್ಟುವಂತಿಲ್ಲ. ಅರ್ಧ ಗಂಟೆ ಮೊದಲೇ ಇಳಿದುಬಿಟ್ಟರೆ ಕೆಲಸ ಕೆಟ್ಟಂತೆ.

ಮಲಗಿದರು. ಎದ್ದರು. ತರಿಸಿ ತಿಂದರು. ಹೊಟ್ಟೆಯ ವಿಷಯ ಯಾರೂ ಎತ್ತಲಿಲ್ಲ. ಸ್ವರ್ಗಕ್ಕೆ ಮೂರೇ ಗೇಣು. ಹನ್ನೊಂದರ ಸುಮಾರಿಗೆ ಕೆಳಗೆ ಗಲಾಟೆ ಎದ್ದಿತು. ಪೆಟ್ಟಿಗೆಗಳ ಗಾಲಿ ಗಡಗಡ ಉರುಳಿದವು, ಜನ ರೂಮಿಗಾಗಿ ಜಗಳಕ್ಕೇ ನಿಂತಿದ್ದರು. ಯಾರೋ ಮದುವೆಯವರಿರಬೇಕೆಂದು ಮೇಷ್ಟ್ರು ಹೊದಿಕೆ ಎಳೆದುಕೊಂಡರು.

ಸಂಜೆ ಆರು ನಲವತ್ತಕ್ಕೆ ವಿಮಾನದಿಂದ ಇಳಿದರು. ದನಿಗೆ ಒಂದಿಷ್ಟು ಸುಸ್ತು ಬೆರೆಸಿಕೊಂಡು ಫೋನ್ ಮಾಡಿದರು.

“ಈಗ ಇಳಿದೆ ಕಣೇ. ಸೊಂಟ ಬಿದ್ದುಹೋಗಿದೆ.”

ಹೆಂಡತಿಯ ದನಿ ಪಕ್ಕದಲ್ಲೇ ಇದ್ದಂತೆ ಕೇಳಿತು. ಇರುವುದು ಒಂದೇ ಊರಿನಲ್ಲಲ್ಲವೇ ಎಂದು ಮೇಷ್ಟ್ರು ಒಳಗೊಳಗೇ ನಕ್ಕರು. ನಿದ್ದೆ ಬಂತಾ ಎಂದು ಕೇಳಿದಳು. ಕಣ್ಣು ಮುಚ್ಚಿದ್ದರೆ ಕೇಳು ಎಂದರು. ಹೊರಗೆ ಹೇಗಿದೆ ಎಂದಳು. ಅಲ್ಲಿ ಆಗ ನಡುಮಧ್ಯಾಹ್ನ ಎಂಬುದನ್ನು ಮರೆಯದೆ, ಬಿಸಿಲಿದ್ದರೂ ಚಳಿ ಎಂದರು. ಭೂಗೋಳ ಓದಿದ್ದು ಸಾರ್ಥಕವಾಯಿತೆನಿಸಿತು.

“ದಾರೀಲಿ ಏನೂ ತೊಂದರೆ ಆಗ್ಲಿಲ್ಲ ತಾನೇ?”

“ಹೂವೆತ್ತಿದ ಹಾಗೆ ತಂದಿಳಿಸಿದ್ರು.”

“ನೀವು ಬರ್ಕೊಟ್ಟ ನಂಬರ್ ಹಾಕಿ ಈಗ ಸಂಜೆ ನೋಡ್ದೆ ರೀ. ಆ ವಿಮಾನ ದಾರೀಲಿ ಕೆಟ್ಟು ಬೆಳಿಗ್ಗೆ ಹತ್ತಕ್ಕೇ ವಾಪಸ್ ಬಂದಿದೆ. ವಿಮಾನದವರಿಗೆ ಫೋನ್ ಮಾಡಿದ್ರೆ, ಎಲ್ಲರನ್ನೂ ನಿಲ್ದಾಣದ ಎದುರಿಗಿರೋ ಲಾಡ್ಜಿಗೆ ಕಳ್ಸಿದೀವಿ ಅಂದ್ರು. ಪಾಪ ಹಸಿದಿರ್ತೀರಿ ಅಂತ ಊಟ ಕಟ್ಕೊಂಡು ಓಡಿಬಂದ್ವಿ. ವಿಮಾನದವರ ಪಟ್ಟೀಲಿ ನಿಮ್ಮ ಹೆಸರಿಲ್ಲ. ಲಾಡ್ಜಿನ ಪುಸ್ತಕದಲ್ಲಿದೆ.”

ಮೇಷ್ಟ್ರು ಮಂಚದಿಂದ ಕಾಲು ಕೆಳಗಿಳಿಸಿದರು.

“ಬಾಗಿಲು ತೆಗೀರಿ. ನಿಂತೂ ನಿಂತೂ ಅಮ್ಮನಿಗೆ ಕಾಲು ನೋಯ್ತಿದೆ.”