ಮೇಜಿನ ಮೊದಲ ಒಪ್ಪಂದ

ಗಣಿ ಕಂಪನಿಯನ್ನೂ ಊರಿನವರನ್ನೂ ಸರ್ಕಾರ ಎದುರುಬದುರು ಕೂರಿಸುವ ‘ಸಂವಾದದ ಮೇಜು’ ಒಮ್ಮೆ ನಡೆದರೆ ಯಾನಪಂಪ ಊರಿಗೆ ತಗಲುವ ಖರ್ಚು ಇಷ್ಟು: ಒಂದು ಕುರಿ, ಎರಡು ಮೂಟೆ ಆಲೂಗಡ್ಡೆ, ಹೆಂಗಸರ ಒಂದಿಡೀ ದಿನದ ದುಡಿಮೆ. ಬಂದವರಿಗೆ ಉಣಬಡಿಸದೆ ಮಾತಿಗೆ ಕೂರುವ ಪದ್ಧತಿ ಆ ಬೆಟ್ಟಗಳಲ್ಲಿಲ್ಲ. ಗುಂಡಿ ತೋಡಿ, ಕಾದ ಕಲ್ಲುಗಳ ನಡುವೆ ಮಾಂಸವಿಟ್ಟು, ಮಣ್ಣು ಮುಚ್ಚಿ ಬೇಯಿಸಲೇಬೇಕು.

ಗಣಿಯಿಂದ ಇಳಿಯುವ ಹಳ್ಳ ತುಕ್ಕಿನ ಬಣ್ಣಕ್ಕೆ ತಿರುಗಿ ಎರಡು ವರ್ಷವಾಗಿತ್ತು. ಊರು ಕೇಳುತ್ತಿದ್ದುದು ಒಂದೇ: ಮೇಲಿನ ಬುಗ್ಗೆಯಿಂದ ಒಂದು ಕೊಳವೆ. ಆದರೆ ರಾಜಧಾನಿ ಲೀಮಾದಿಂದ ಬರುವ ಮಧ್ಯಸ್ಥ ಅಧಿಕಾರಿ ಬದಲಾದಾಗಲೆಲ್ಲ ಮಾತು ಮೊದಲಿನಿಂದ ಶುರು. ಈ ಸಲದವರು ರೆನ್ಸೊ ಬರ್ರಾಂಟೆಸ್. ಕಂಪನಿಯ ಇಂಜಿನಿಯರ್ ಜೊತೆ ಒಂದೇ ಜೀಪಿನಿಂದ ಇಳಿದರು.

“ನಾನು ಯಾರ ಕಡೆಯವನೂ ಅಲ್ಲ,” ಎಂದರು.

“ಜೀಪು ಯಾರ್ದು ಸಾಹೇಬ್ರೆ?” ಮುದುಕ ತಿಬುರ್ಸಿಯೊ ಕೇಳಿದ.

“ಇಲಾಖೆ ಜೀಪಿಗೆ ಟೈರಿಲ್ಲ ತಾತ.”

ಹಳ್ಳದ ನೀರಿನಲ್ಲಿ ಲೋಹದ ಅಂಶ ಸುರಕ್ಷಿತ ಮಿತಿಯೊಳಗೇ ಇದೆಯೆಂದು ರೆನ್ಸೊ ವರದಿ ಓದಿ ಹೇಳಿದರು. ಕೊಳವೆಯ ವಿಷಯಕ್ಕೆ ಒಂದು ಉಪಮೇಜು ಮಾಡೋಣ ಎಂದರು.

“ಉಪಮೇಜಿಗೆ ಕುರಿನೇ ಬೇಕಾ, ಮರಿ ಸಾಕಾ?” ತಿಬುರ್ಸಿಯೊ ಗೊಣಗಿದ.

ಮಧ್ಯಾಹ್ನ ಊಟ ಬಂತು. ರೆನ್ಸೊ ಎರಡನೇ ಸಲ ಬಡಿಸಿಕೊಂಡು ಎಲುಬು ಚೀಪಿದರು. “ಏನ್ ರುಚಿ ಅಮ್ಮಾ. ಎಲ್ಲಿ ಮೇಯುತ್ತೆ ಇದು?”

“ಹಳ್ಳದ ದಂಡೇಲಿ. ಅದೇ ನೀರು ಕುಡ್ಕೊಂಡು ಬೆಳೆದದ್ದು,” ಎಂದಳು ಊರಿನ ಅಧ್ಯಕ್ಷೆ ಹೆರ್ಮೆಲಿಂದಾ. “ಇನ್ನೊಂದು ತುಂಡು ಹಾಕ್ಲಾ?”

ರೆನ್ಸೊ ಅಗಿಯುವುದನ್ನು ನಿಲ್ಲಿಸಿ ಇಂಜಿನಿಯರ್ ಕಡೆ ನೋಡಿದರು. ಅವನ ತಟ್ಟೆಯಲ್ಲಿ ಬರೀ ಆಲೂಗಡ್ಡೆ. ಎರಡು ವರ್ಷದಿಂದಲೂ ಅವನು ಮಾಂಸ ಮುಟ್ಟಿರಲಿಲ್ಲವೆಂಬುದು ಬಡಿಸುತ್ತಿದ್ದ ಹೆಂಗಸರಿಗೆ ಆಗ ನೆನಪಾಯಿತು.

ಊಟದ ನಂತರ ಮಾತು ಚುರುಕಾಯಿತು. “ಊರಿನವರಿಗೆ ಯಾಕೆ ತೊಂದರೆ? ಮುಂದಿನ ಸಲದಿಂದ ಪಟ್ಟಣದಿಂದ ಊಟ ತರಿಸೋಣ. ಬಾಟಲಿ ನೀರೂ ಇರಲಿ,” ಎಂದರು ರೆನ್ಸೊ. ಖರ್ಚು ತನ್ನದೆಂದು ಕಂಪನಿ ತಕ್ಷಣ ಒಪ್ಪಿತು. ಎರಡೂ ಕಡೆಯವರು ಒಮ್ಮತಕ್ಕೆ ಬಂದಿದ್ದಾರೆಂದು ಅಧಿಕಾರಿ ಘೋಷಿಸಿ, ಕೈಕುಲುಕಿಸಿ, ಫೋಟೊ ತೆಗೆಸಿದರು.

“ಕೊಳವೆ ಕತೆ ಏನು?” ಹೆರ್ಮೆಲಿಂದಾ ಕೇಳಿದಳು.

“ಮುಂದಿನ ಮೇಜಲ್ಲಿ ನೋಡೋಣ ಅಮ್ಮ. ನಂಬಿಕೆ ಬೆಳೀತಿದೆಯಲ್ಲ, ಅದು ಮುಖ್ಯ.”

ಎರಡು ವರ್ಷದ ಸಂವಾದದಲ್ಲಿ ಯಾನಪಂಪಕ್ಕೆ ದಕ್ಕಿದ್ದು ಇಷ್ಟೇ: ಮುಂದಿನ ಸಲಕ್ಕೆಂದು ತೆಗೆದಿಟ್ಟಿದ್ದ ಕುರಿ ಬದುಕಿಕೊಂಡಿತು. ಸಂಜೆ ಹೆರ್ಮೆಲಿಂದಾ ಅದರ ಹಗ್ಗ ಬಿಚ್ಚಿದಳು. ಅದು ನೆಟ್ಟಗೆ ಹಳ್ಳಕ್ಕೆ ಓಡಿ ನೀರಿಗೆ ಬಾಯಿ ಹಾಕಿತು.