ಮೊದಲ ಬಸ್ಸು

ಊರಿಗೊಂದು ಬಸ್ಸು ಬೇಕೆಂದು ಪುಟ್ಟಗೌರಮ್ಮ ಒಂಬತ್ತು ಸಲ ಡಿಪೋಗೆ ನಡೆದುಕೊಂಡೇ ಹೋಗಿ ಬಂದರು. ಮಕ್ಕಳಿಗೆ ಶಾಲೆ ದೂರ, ಬಸುರಿಯರಿಗೆ ಆಸ್ಪತ್ರೆ ದೂರ ಎಂದು ವಾದಿಸಿದರು. ಕೊನೆಗೆ ಡಿಪೋ ಮ್ಯಾನೇಜರು ಒಪ್ಪಿದರು.

ಬಸ್ಸು ಬಂದ ದಿನ ಊರೆಲ್ಲ ಸೇರಿತ್ತು. ಜತೆಗೆ ಬಂದಿದ್ದ ಮ್ಯಾನೇಜರು ಮುಂದಿನ ಸೀಟು ತೋರಿಸಿದರು. "ಬನ್ನಿ ಅಮ್ಮ, ನೀವು ಹೋರಾಡಿ ತರಿಸಿದ ಬಸ್ಸು. ಮೊದಲು ನೀವೇ ಕೂರಬೇಕು."

ಪುಟ್ಟಗೌರಮ್ಮ ಆ ಸೀಟಿನಲ್ಲಿ ತಮ್ಮ ನಾದಿನಿಯನ್ನು ಕೂರಿಸಿದರು. ಅವರ ಎರಡು ಚೀಲಗಳನ್ನು ಕಾಲ ಬಳಿ ಇಟ್ಟು, ತಾವು ಕೆಳಗಿಳಿದರು.

"ನೀವು ಎಲ್ಲಿಗೂ ಹೋಗಲ್ವೇನಮ್ಮ?" ಎಂದರು ಮ್ಯಾನೇಜರು.

ಪುಟ್ಟಗೌರಮ್ಮ ದನಿ ತಗ್ಗಿಸಿದರು. "ನಾನೆಲ್ಲಿಗೆ ಹೋಗ್ಲಿ ಸ್ವಾಮಿ? ಯುಗಾದಿಗೆ ಬಂದ ನಾದಿನಿ, ವಾಪಸ್ ಹೋಗೋಕೆ ಬಸ್ಸಿಲ್ಲ ಅಂತ ದೀಪಾವಳಿವರೆಗೂ ನಮ್ಮನೇಲೇ ಇದ್ರು."